ಮೈದಾನ ಇಳಿಸಿದ್ದು ಒಂದು ಮೆಟ್ಟಿಲು, ಕಾಗದ ಇಳಿಸಿದ್ದು ಎರಡು

ಪ್ರಶ್ನೆ: ನಾನು ಶಿವಮೊಗ್ಗದವನು. ಈಗ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ ದೀಪದ ಕಂಬ, ಬಸ್ ಸ್ಟಾಪ್, ಎಲ್ಲಿ ನೋಡಿದರೂ ವಾಕರ್ ಇನ್ಸ್‌ಬ್ರುಕ್ ಫುಟ್‌ಬಾಲ್ ಕ್ಲಬ್ಬಿನ ಹಸಿರು-ಕಪ್ಪು ಸ್ಟಿಕ್ಕರ್. ಆದರೆ ಟಿವೊಲಿ ಸ್ಟೇಡಿಯಂಗೆ ದೊಡ್ಡ ಲೀಗಿನ ಪಂದ್ಯ ನೋಡಲು ಹೋದರೆ ಅಲ್ಲಿ ಆಡುತ್ತಿದ್ದದ್ದು ಡಬ್ಲ್ಯುಎಸ್‌ಜಿ ಟಿರೋಲ್ ಅನ್ನೋ ಬೇರೆ ತಂಡ. ಸೀಟುಗಳೂ ಬಹಳ ಖಾಲಿ. ಜೊತೆಯವರನ್ನು ಕೇಳಿದರೆ, "ವಾಕರ್ 2019ರಲ್ಲಿ ಲೀಗಿನಿಂದ ಇಳಿದುಹೋಯಿತು, ಅಲ್ಲಿಗೆ ಮುಗೀತು" ಅಂದರು. ಹತ್ತು ಸಲ ಚಾಂಪಿಯನ್ ಆದ ಊರಿನ ಕ್ಲಬ್ ಒಂದು ಸೀಸನ್ ಸೋತ ಮಾತ್ರಕ್ಕೆ ಹೀಗಾಗುತ್ತಾ? ಮಧ್ಯದಲ್ಲಿ ಅಂಕಗಳನ್ನು ಅರ್ಧ ಮಾಡುತ್ತಾರಂತೆ, ಅದು ನ್ಯಾಯವೇ?

ಉತ್ತರ: ನಿಮ್ಮ ಜೊತೆಯವರು ಎರಡು ಬೇರೆ ಘಟನೆಗಳನ್ನು ಒಂದೇ ಉಸಿರಲ್ಲಿ ಹೇಳಿದ್ದಾರೆ. ಮೊದಲು ಅವನ್ನು ಬಿಡಿಸೋಣ. 2019ರ ಮೇ ತಿಂಗಳಲ್ಲಿ ವಾಕರ್ ಪಟ್ಟಿಯ ಕೊನೆಯಲ್ಲಿ ನಿಂತು ಎರಡನೇ ದರ್ಜೆಗೆ ಇಳಿಯಿತು. ಅದು ಒಂದು ಮೆಟ್ಟಿಲು. 2022ರಲ್ಲಿ ಲೀಗಿನಲ್ಲಿ ಆಡಲು ಬೇಕಾದ ಲೈಸೆನ್ಸ್ ಸಿಗದೆ ಎರಡನೇ ದರ್ಜೆಯಿಂದ ನೇರ ನಾಲ್ಕನೇ ದರ್ಜೆಗೆ ಬಿತ್ತು. ಅದು ಎರಡು ಮೆಟ್ಟಿಲು. ಆ ಬೀಳುವಿಕೆಗೂ ಯಾರು ಎಷ್ಟು ಗೋಲು ಹೊಡೆದರು ಅನ್ನೋದಕ್ಕೂ ಸಂಬಂಧವೇ ಇಲ್ಲ. ಕಾಲು ಜಾರಿದ್ದು 2019ರಲ್ಲಿ, ಮೂಳೆ ಮುರಿದದ್ದು 2022ರಲ್ಲಿ.

ಐಪಿಎಲ್ ನೋಡಿ ಬೆಳೆದ ನಮಗೆ ಈ ಹಿಂಬಡ್ತಿ ಅನ್ನೋದು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಅದೇ 2019ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಆರ್‌ಸಿಬಿ ಪಟ್ಟಿಯ ತಳದಲ್ಲಿ ಮುಗಿಸಿತು. ನಾವು ಬೈದೆವು, ಮೀಮ್ ಹಂಚಿದೆವು, ಮುಂದಿನ ಸಲ ಕಪ್ ನಮ್ದೇ ಅಂದೆವು. ಮುಂದಿನ ಸಲ ಅದೇ ಲೀಗ್, ಅದೇ ಎದುರಾಳಿಗಳು, ಅದೇ ಟಿವಿ ದುಡ್ಡು ಕಾಯುತ್ತಾ ಇತ್ತು. ಕೆಲವು ವಾರಗಳಲ್ಲೇ ವಾಕರ್ ಕೂಡ ಪಟ್ಟಿಯ ತಳದಲ್ಲಿ ಮುಗಿಸಿತು. ಅವರಿಗೆ ಇದ್ಯಾವುದೂ ಕಾಯುತ್ತಿರಲಿಲ್ಲ. ಬೆಂಗಳೂರಿನಲ್ಲಿ ಕೆಎಸ್‌ಸಿಎ ಡಿವಿಷನ್ ಲೀಗ್ ಆಡಿದವರು ನಿಮಗೆ ಪರಿಚಯವಿದ್ದರೆ ಕೇಳಿ ನೋಡಿ. ಒಂದು ಡಿವಿಷನ್ ಕೆಳಗೆ ಹೋದ ತಂಡದಿಂದ ಮುಂದಿನ ವರ್ಷ ಯಾರು ಯಾರು ಜಾಗ ಖಾಲಿ ಮಾಡುತ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತದೆ.

ಈಗ ಅಂಕ ಅರ್ಧ ಮಾಡುವ ವಿಷಯ. 2018-19 ಆಸ್ಟ್ರಿಯಾದ ದೊಡ್ಡ ಲೀಗ್ ಆದ ಬುಂಡೆಸ್‌ಲಿಗಾಕ್ಕೆ ಹೊಸ ನಿಯಮದ ಮೊದಲ ವರ್ಷ. ಅಲ್ಲಿಯವರೆಗೆ ಹತ್ತೇ ತಂಡ ಇದ್ದವು. ಆ ವರ್ಷದಿಂದ ಹನ್ನೆರಡು. ಪ್ರತಿ ತಂಡ ಮೊದಲು 22 ಪಂದ್ಯ ಆಡಬೇಕು. ಆಮೇಲೆ ಪಟ್ಟಿಯನ್ನು ಎರಡಾಗಿ ಸೀಳುತ್ತಾರೆ. ಮೇಲಿನ ಆರು ತಂಡಗಳು ಚಾಂಪಿಯನ್ ಪಟ್ಟಕ್ಕೆ, ಕೆಳಗಿನ ಆರು ಉಳಿವಿಗೆ. ಎರಡೂ ಗುಂಪಿನಲ್ಲಿ ಇನ್ನು ಹತ್ತು ಹತ್ತು ಪಂದ್ಯ. ಆ ವರ್ಷದ ನಿಯಮದ ಪ್ರಕಾರ ಸೀಳುವ ಹೊತ್ತಿಗೆ ಎಲ್ಲರ ಅಂಕವನ್ನೂ ಅರ್ಧಕ್ಕೆ ಇಳಿಸುತ್ತಾರೆ. ಬೆಸ ಸಂಖ್ಯೆ ಇದ್ದರೆ ಆ ಅರ್ಧ ಅಂಕವನ್ನು ಬಿಟ್ಟುಬಿಡುತ್ತಾರೆ. ಕೊನೆಗೆ ಎರಡು ತಂಡ ಸಮ ನಿಂತರೆ ಮಾತ್ರ ಹಾಗೆ ಅರ್ಧ ಕಳೆದುಕೊಂಡ ತಂಡ ಮೇಲೆ ನಿಲ್ಲುತ್ತದೆ.

ಲೆಕ್ಕಕ್ಕೆ ಸುಮ್ನೆ ಎರಡು ತಂಡ ಇಟ್ಟುಕೊಳ್ಳಿ, ಇವು ಯಾರ ನಿಜವಾದ ಅಂಕವೂ ಅಲ್ಲ. ಒಂದರದ್ದು 24, ಇನ್ನೊಂದರದ್ದು 17. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಏಳು ಅಂಕದ ಅಂತರ. ಅಂದರೆ ಎರಡು ಗೆಲುವು, ಒಂದು ಡ್ರಾ. ಅರ್ಧ ಮಾಡಿದ ಮೇಲೆ 12 ಮತ್ತು 8. ಈಗ ಅಂತರ ನಾಲ್ಕೇ. ಒಂದು ಗೆಲುವು, ಒಂದು ಡ್ರಾ ಸಾಕು. ಮೇಲಿದ್ದವನು ಚಳಿಗಾಲ ಪೂರ್ತಿ ಕೂಡಿಟ್ಟ ಗಂಟು ಒಂದು ವಾರಾಂತ್ಯದಲ್ಲಿ ಕರಗಿಹೋಯಿತು.

ಜನ ಇದನ್ನು ಬರೀ ಅಂತರ ಕಿರಿದಾಗುವ ಆಟ ಅಂದುಕೊಳ್ಳುತ್ತಾರೆ. ನನಗೆ ಮುಖ್ಯ ಅನ್ನಿಸೋದು ಬೇರೆ. ಮೊದಲ 22 ಪಂದ್ಯಗಳಲ್ಲಿ ಗಳಿಸಬಹುದಾದದ್ದು ಹೆಚ್ಚೆಂದರೆ 66 ಅಂಕ. ಅರ್ಧ ಮಾಡಿದರೆ 33. ಕೊನೆಯ ಹತ್ತು ಪಂದ್ಯಗಳಲ್ಲಿ ಗಳಿಸಬಹುದಾದದ್ದು 30. ನೋಡಿದಿರಾ? ಜುಲೈ ಕೊನೆಯಿಂದ ಮಾರ್ಚ್‌ವರೆಗಿನ ದುಡಿಮೆಗೂ ಆಮೇಲಿನ ಎರಡೂವರೆ ತಿಂಗಳಿಗೂ ಹೆಚ್ಚು ಕಡಿಮೆ ಒಂದೇ ತೂಕ. ಅಕ್ಟೋಬರ್‌ನಲ್ಲಿ ಮಳೆಯಲ್ಲಿ ನೆನೆದು ಗೆದ್ದ ಪಂದ್ಯದ ಬೆಲೆ ಒಂದೂವರೆ ಅಂಕ. ಏಪ್ರಿಲ್‌ನಲ್ಲಿ ಗೆದ್ದರೆ ಪೂರ್ತಿ ಮೂರು.

ನ್ಯಾಯವೇ ಅಂತ ಕೇಳಿದಿರಿ. ನನಗೆ ಈ ಪದ್ಧತಿ ಇಷ್ಟವಿಲ್ಲ. ದುಡಿದ ಸಂಬಳದಲ್ಲಿ ಅರ್ಧ ಹಿಡಿದುಕೊಂಡ ಹಾಗೆ ಅನ್ನಿಸುತ್ತದೆ. ಆದರೆ ನಿಯಮ ಸೀಸನ್ ಶುರುವಾಗುವ ಮೊದಲೇ ಎಲ್ಲರ ಕೈಯಲ್ಲಿತ್ತು, ಹನ್ನೆರಡೂ ತಂಡಕ್ಕೆ ಒಂದೇ ಆಗಿತ್ತು. ಹಾಗಾಗಿ ವಾಕರ್ ಇಳಿದದ್ದಕ್ಕೆ ಅರ್ಧ ಅಂಕವೇ ಕಾರಣ ಅನ್ನೋ ವಾದವನ್ನು ನಾನು ಒಪ್ಪುವುದಿಲ್ಲ. ಯಾವ ತಿಂಗಳಲ್ಲಿ ತಂಡ ಗಟ್ಟಿಯಾಗಿರಬೇಕು ಅಂತ ಆ ನಿಯಮ ಹೇಳಿತ್ತು. ಆ ತಿಂಗಳಲ್ಲಿ ವಾಕರ್ ಗಟ್ಟಿಯಾಗಿರಲಿಲ್ಲ.

ಆ ಸೀಸನ್ ಹೇಗಿತ್ತು ನೋಡಿ. ವಾಕರ್ 2018ರಲ್ಲಿ ಎರಡನೇ ದರ್ಜೆಯ ಚಾಂಪಿಯನ್ ಆಗಿ ಬಡ್ತಿ ಪಡೆದು ಬಂದಿತ್ತು. ಕರೆತಂದ ಕೋಚ್ ಕಾರ್ಲ್ ಡಾಕ್ಸ್‌ಬಾಖರ್. ಒಂದು ಕಾಲದಲ್ಲಿ ಆಸ್ಟ್ರಿಯಾ ವಿಯೆನ್ನಾ ತಂಡದ ಮಿಡ್‌ಫೀಲ್ಡರ್, ಅನುಭವಿ. 2019ರ ಮಾರ್ಚ್‌ನಲ್ಲಿ ಅವರನ್ನು ತೆಗೆದು, ಕ್ಲಬ್ಬಿನ ಎರಡನೇ ತಂಡದ ಕೋಚ್ ಆಗಿದ್ದ ಥಾಮಸ್ ಗ್ರುಮ್ಸರ್‌ಗೆ ಹೊಣೆ ಕೊಟ್ಟರು. ಆ ಹತ್ತು ಭಾರದ ಪಂದ್ಯಗಳ ಹೊಸ್ತಿಲಲ್ಲಿ. ಗ್ರುಮ್ಸರ್ ಬಗ್ಗೆ ನನಗೇನೂ ತಕರಾರಿಲ್ಲ. ಮದುವೆ ಮನೆಯಲ್ಲಿ ಎಲೆ ಹಾಕಿದ ಮೇಲೆ ಅಡುಗೆ ಭಟ್ಟರನ್ನು ಬದಲಾಯಿಸಿದರೆ ಹೊಸಬರು ತಾನೇ ಏನು ಮಾಡಿಯಾರು?

ಇನ್ನೊಂದು ದುರದೃಷ್ಟವೂ ಇತ್ತು. ಆ ವರ್ಷ ಕೆಳಗಿನ ಆರರ ಗುಂಪಿಗೆ ರಾಪಿಡ್ ವಿಯೆನ್ನಾ ಬಂದು ಬಿದ್ದಿತ್ತು. ದೇಶದಲ್ಲೇ ಅತಿ ಹೆಚ್ಚು ಸಲ ಚಾಂಪಿಯನ್ ಆದ ಕ್ಲಬ್ ಅದು. 2019ರ ಫೆಬ್ರವರಿಯಲ್ಲಿ ಯುರೋಪಿನ ಕ್ಲಬ್‌ಗಳ ಕೂಟವಾದ ಯುರೋಪಾ ಲೀಗ್‌ನಲ್ಲಿ ಇಟಲಿಯ ಇಂಟರ್ ಮಿಲಾನ್ ವಿರುದ್ಧ ಆಡಿದ ತಂಡ, ಮಾರ್ಚ್ ಮುಗಿಯುವಷ್ಟರಲ್ಲಿ ಉಳಿವಿನ ಗುಂಪಿನಲ್ಲಿ. ಉಳಿವಿಗೆ ಒದ್ದಾಡುವ ತಂಡ ತನ್ನಂಥವರ ಜೊತೆ ಹತ್ತು ಪಂದ್ಯ ಸಿಗುತ್ತೆ ಅಂದುಕೊಂಡಿರುತ್ತೆ. ಅದರಲ್ಲಿ ಎರಡು ರಾಪಿಡ್ ಪಾಲಾದವು.

ಆದರೆ ಈ ನೆಪಗಳನ್ನೆಲ್ಲ ಹಾರ್ಟ್‌ಬೆರ್ಗ್ ಮುಂದೆ ಹೇಳುವಂತಿಲ್ಲ. ಸ್ಟೈರಿಯಾ ಪ್ರಾಂತದ ಪುಟ್ಟ ಪಟ್ಟಣ ಅದು, ಜನಸಂಖ್ಯೆ ಏಳು ಸಾವಿರದ ಆಸುಪಾಸು. 2018ರಲ್ಲಿ ವಾಕರ್ ಜೊತೆಗೇ ಬಡ್ತಿ ಪಡೆದದ್ದು. ಅದೇ ಗುಂಪು, ಅದೇ ರಾಪಿಡ್, ಅದೇ ಅರ್ಧ ಅಂಕ. ಮಾರ್ಕುಸ್ ಶಾಪ್ ಅನ್ನೋ ಕೋಚ್ ಆ ತಂಡವನ್ನು ಉಳಿಸಿಕೊಂಡರು. ಅಷ್ಟೇ ಅಲ್ಲ, ಮುಂದಿನ ವರ್ಷ ಮೇಲಿನ ಆರರೊಳಗೆ ನುಗ್ಗಿ ಯುರೋಪಾ ಲೀಗ್ ಅರ್ಹತಾ ಸುತ್ತಿನವರೆಗೂ ಕರೆದೊಯ್ದರು. ಇನ್ಸ್‌ಬ್ರುಕ್ ಒಂದೂಕಾಲು ಲಕ್ಷಕ್ಕಿಂತ ಜಾಸ್ತಿ ಜನರ ನಗರ. ಊರಿನ ಗಾತ್ರ ಉಳಿಸೋದಾಗಿದ್ದರೆ ವಾಕರ್ ಇಳಿಯುತ್ತಲೇ ಇರಲಿಲ್ಲ.

ಹಿಂಬಡ್ತಿಯ ಇನ್ನೊಂದು ಹೊಡೆತದ ಬಗ್ಗೆ ಹೊರಗಿನವರು ಮಾತಾಡುವುದೇ ಕಡಿಮೆ. 2018-19ರಲ್ಲಿ ವಾಕರ್‌ನ ಎರಡನೇ ತಂಡ, ಅಂದರೆ ಹುಡುಗರ ತಂಡ, ಎರಡನೇ ದರ್ಜೆಯಲ್ಲೇ ಆಡುತ್ತಿತ್ತು. ಒಂದೇ ಕ್ಲಬ್ಬಿನ ಎರಡು ತಂಡ ಒಂದೇ ದರ್ಜೆಯಲ್ಲಿ ಇರುವಂತಿಲ್ಲ. ಅಣ್ಣ ಕೆಳಗಿನ ಮನೆಗೆ ಬಂದ ಕೂಡಲೇ ತಮ್ಮ ಇನ್ನೂ ಕೆಳಗಿನ ಮನೆಗೆ ಹೋಗಬೇಕು. ಮೊದಲ ತಂಡ ಇಳಿದಾಗ ಹತ್ತೊಂಬತ್ತು ಇಪ್ಪತ್ತು ವರ್ಷದ ಹುಡುಗರು ದಿನಾ ಗಟ್ಟಿ ಗಂಡಸರ ಜೊತೆ ಆಡಿ ಕಲಿಯುತ್ತಿದ್ದ ಜಾಗವೂ ಕೈತಪ್ಪಿತು.

ಇನ್ನು ನೀವು ಟಿವೊಲಿಯಲ್ಲಿ ನೋಡಿದ ಆ ಬೇರೆ ತಂಡ. ಇಲ್ಲಿಂದ ಕಥೆ ರಂಗೇರುತ್ತದೆ. ಇನ್ಸ್‌ಬ್ರುಕ್‌ನಿಂದ ಇನ್ನ್ ನದಿಯ ಜೊತೆ ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಹೋದರೆ ವಾಟನ್ಸ್ ಸಿಗುತ್ತದೆ. ಸ್ವರೋಸ್ಕಿ ಹರಳಿನ ಒಡವೆ ಕೇಳಿರುತ್ತೀರಿ. ಆ ಕಂಪನಿಯ ಊರು ಅದು. ಡಬ್ಲ್ಯುಎಸ್‌ಜಿ ಅನ್ನೋದರ ಅರ್ಥವೇ ಕಾರ್ಖಾನೆಯ ಕ್ರೀಡಾ ಸಂಘ. 2018-19ರಲ್ಲಿ ವಾಕರ್ ಮೇಲಿನಿಂದ ಬೀಳುತ್ತಿದ್ದಾಗ ಇದೇ ವಾಟನ್ಸ್ ತಂಡ ಥಾಮಸ್ ಸಿಲ್ಬರ್‌ಬೆರ್ಗರ್ ಕೋಚಿಂಗ್‌ನಲ್ಲಿ ಎರಡನೇ ದರ್ಜೆಯ ಚಾಂಪಿಯನ್ ಆಯಿತು. ಒಂದೇ ಏಣಿಯಲ್ಲಿ ಒಬ್ಬ ಇಳಿಯುತ್ತಿದ್ದಾನೆ, ಪಕ್ಕದ ಮನೆಯವನು ಹತ್ತುತ್ತಿದ್ದಾನೆ. ವಾಟನ್ಸ್‌ನ ಮೈದಾನ ದೊಡ್ಡ ಲೀಗಿನ ಶರತ್ತುಗಳಿಗೆ ಸಾಲದು. ಹಾಗಾಗಿ ಹೆಸರನ್ನು ಡಬ್ಲ್ಯುಎಸ್‌ಜಿ ಟಿರೋಲ್ ಅಂತ ಮಾಡಿಕೊಂಡು ಆಡಲು ಬಂದದ್ದು ಟಿವೊಲಿಗೇ. ವಾಕರ್‌ನ ಮುಂಚೂಣಿ ಆಟಗಾರ ಜ್ಲಾಟ್ಕೊ ಡೆಡಿಚ್ ಕೂಡ ವಾಟನ್ಸ್ ತಂಡ ಸೇರಿದರು. 2009ರ ನವೆಂಬರ್‌ನಲ್ಲಿ ರಷ್ಯಾ ವಿರುದ್ಧ ಗೋಲು ಹೊಡೆದು ಸ್ಲೊವೇನಿಯಾವನ್ನು ವಿಶ್ವಕಪ್‌ಗೆ ತಲುಪಿಸಿದವರು ಇವರೇ. ಅವರಿಗೆ ಸ್ಟೇಡಿಯಂ ಬದಲಾಗಲಿಲ್ಲ, ಅಂಗಿ ಬದಲಾಯಿತು.

ಆದರೆ ವಾಟನ್ಸ್‌ನವರನ್ನು ಹೊರಗಿನವರು ಅಂತ ಸಲೀಸಾಗಿ ಹೇಳಿಬಿಡಲು ಆಗುವುದಿಲ್ಲ. ಈ ಎರಡು ಊರುಗಳದ್ದು ಹಳೆಯ ಸಂಬಂಧ, ಕೂಡಿ ಅಗಲಿ ಮತ್ತೆ ಕೂಡಿದ ಸಂಬಂಧ. 1913ರಲ್ಲಿ ಹುಟ್ಟಿದ ವಾಕರ್ ಮೊದಲ ಸಲ ದೇಶದ ಚಾಂಪಿಯನ್ ಆದದ್ದು 1971ರಲ್ಲಿ. ಅದೇ ವರ್ಷ ವಾಟನ್ಸ್ ಜೊತೆ ಸೇರಿ ಒಂದೇ ತಂಡ ಕಟ್ಟಿದರು, ಎಸ್‌ಎಸ್‌ಡಬ್ಲ್ಯು ಇನ್ಸ್‌ಬ್ರುಕ್ ಅಂತ. 1972, 1973, 1975, 1977ರ ಪಟ್ಟಗಳೆಲ್ಲ ಆ ಕೂಡು ತಂಡದವು. 1977-78ರಲ್ಲಿ ಯುರೋಪಿನ ಚಾಂಪಿಯನ್ ಕ್ಲಬ್‌ಗಳ ಕೂಟವಾದ ಯುರೋಪಿಯನ್ ಕಪ್‌ನ ಕ್ವಾರ್ಟರ್ ಫೈನಲ್‌ವರೆಗೆ ಹೋದರು. ಅಲ್ಲಿ ಜರ್ಮನಿಯ ಮಂಶನ್‌ಗ್ಲಾಡ್‌ಬಾಖ್ ವಿರುದ್ಧ ತವರಲ್ಲಿ 3-1 ಗೆದ್ದು, ಅಲ್ಲಿಗೆ ಹೋಗಿ 0-2 ಸೋತರು. ಒಟ್ಟು ಗೋಲು ಸಮ. ಹೊರಗಿನ ಮೈದಾನದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಇನ್ಸ್‌ಬ್ರುಕ್ ಹೊರಬಿತ್ತು.

1986ರಲ್ಲಿ ಸ್ವರೋಸ್ಕಿ ಕಂಪನಿ ನೇರವಾಗಿ ಕೈಹಾಕಿ, ಲೀಗಿನ ಜಾಗವನ್ನೇ ಎಫ್‌ಸಿ ಸ್ವರೋಸ್ಕಿ ಟಿರೋಲ್ ಅನ್ನೋ ಹೊಸ ಕ್ಲಬ್ಬಿಗೆ ತೆಗೆದುಕೊಂಡಿತು. ದುಡ್ಡು ಬಂತು. ಎರ್ನ್‌ಸ್ಟ್ ಹಾಪಲ್ ಕೋಚ್ ಆಗಿ ಬಂದರು. ಎರಡು ಬೇರೆ ಬೇರೆ ಕ್ಲಬ್ಬಿಗೆ ಯುರೋಪಿಯನ್ ಕಪ್ ಗೆಲ್ಲಿಸಿಕೊಟ್ಟ ಮಹಾಶಯರು ಅವರು. 1989, 1990ರಲ್ಲಿ ಪಟ್ಟ ಬಂತು. ಅದೇ 1990ರ ಅಕ್ಟೋಬರ್‌ನಲ್ಲಿ ಮ್ಯಾಡ್ರಿಡ್‌ಗೆ ಹೋಗಿ ರಿಯಲ್ ಕೈಯಲ್ಲಿ 9-1 ಪೆಟ್ಟು ತಿಂದದ್ದೂ ಉಂಟು. 1992ರಲ್ಲಿ ಕಂಪನಿ ಕೈ ತೊಳೆದುಕೊಂಡಿತು. ವಾಕರ್ ಹೆಸರು ಮತ್ತೆ ಬಂತು, 1993ರಲ್ಲಿ ದೇಶದ ಕಪ್ ಗೆದ್ದಿತು, ಆ ಹೆಸರೂ ಅಷ್ಟಕ್ಕೇ ಮುಗಿದು ಎಫ್‌ಸಿ ಟಿರೋಲ್ ಬಂತು. ಕಾನೂನಿನ ಲೆಕ್ಕದಲ್ಲಿ ಇವೆಲ್ಲ ಬೇರೆ ಬೇರೆ ಸಂಸ್ಥೆಗಳು. ಗ್ಯಾಲರಿಯ ಲೆಕ್ಕದಲ್ಲಿ ಒಂದೇ. ನೀವು ಹೇಳಿದ ಹತ್ತು ಪಟ್ಟ ಹೀಗೆ ನಾಲ್ಕು ಹೆಸರಲ್ಲಿ ಹಂಚಿಹೋಗಿವೆ.

ಕೊನೆಯ ಮೂರು ಪಟ್ಟಗಳು, 2000, 2001, 2002, ಎಫ್‌ಸಿ ಟಿರೋಲ್ ಹೆಸರಲ್ಲಿ. ಮೊದಲೆರಡು ಕುರ್ಟ್ ಯಾರಾ ಕೋಚಿಂಗ್‌ನಲ್ಲಿ. ಅವರು 2001ರಲ್ಲಿ ಹ್ಯಾಂಬರ್ಗ್‌ಗೆ ಹೊರಟಾಗ ಬಂದವರು ಜರ್ಮನಿಯ ಯೋಕಿಮ್ ಲೋವ್. ಹೌದು, 2014ರಲ್ಲಿ ಜರ್ಮನಿಗೆ ವಿಶ್ವಕಪ್ ಗೆಲ್ಲಿಸಿದ ಅದೇ ಲೋವ್. ಗೋಲ್‌ಕೀಪರ್ ಸ್ಟಾನಿಸ್ಲಾವ್ ಚೆರ್ಚೆಸೊವ್, 2018ರ ವಿಶ್ವಕಪ್‌ನಲ್ಲಿ ರಷ್ಯಾ ತಂಡದ ಕೋಚ್. ಅಂಥ ತಂಡ 2002ರಲ್ಲಿ ಚಾಂಪಿಯನ್ ಆಯಿತು. ಅದೇ ಬೇಸಿಗೆಯಲ್ಲಿ ಸಾಲದ ಹೊರೆಗೆ ಲೈಸೆನ್ಸ್ ಹೋಯಿತು, ಕ್ಲಬ್ ದಿವಾಳಿ ಎದ್ದಿತು. ಪಟ್ಟಿಯ ನೆತ್ತಿಯಲ್ಲಿ ನಿಂತ ತಂಡ ಮುಂದಿನ ಸೀಸನ್‌ನಲ್ಲಿ ಲೀಗಿನಲ್ಲೇ ಇರಲಿಲ್ಲ.

ಆಗ ಕೈಹಿಡಿದವರು ಯಾರು ಗೊತ್ತಾ? ಮತ್ತೆ ವಾಟನ್ಸ್. ಹೊಸದಾಗಿ ಹುಟ್ಟಿದ ಎಫ್‌ಸಿ ವಾಕರ್ ಟಿರೋಲ್ ವಾಟನ್ಸ್ ಜೊತೆ ಕೂಡು ತಂಡವಾಗಿ 2002-03ರಲ್ಲಿ ಮೂರನೇ ದರ್ಜೆಯಲ್ಲಿ ಆಡಿತು. ಹಾಗಾಗಿ ತೀರಾ ತಳದಿಂದ ಶುರು ಮಾಡುವ ಕಷ್ಟ ತಪ್ಪಿತು. 2003ರಲ್ಲಿ ಎರಡನೇ ದರ್ಜೆ, 2004ರಲ್ಲಿ ಮತ್ತೆ ಬುಂಡೆಸ್‌ಲಿಗಾ. ಎರಡೇ ವರ್ಷ! 2007ರಲ್ಲಿ ಎಫ್‌ಸಿ ವಾಕರ್ ಇನ್ಸ್‌ಬ್ರುಕ್ ಅನ್ನೋ ಹಳೆಯ ಹೆಸರೂ ಮರಳಿತು. ನನ್ನ ಅನಿಸಿಕೆ ಕೇಳಿದರೆ, ಆ ವೇಗವೇ ಮುಂದೆ ಮುಳುವಾಯಿತು. ಬಿದ್ದರೂ ಏನೂ ಆಗಲ್ಲ, ಎದ್ದು ಬರ್ತೀವಿ ಅನ್ನೋ ಧೈರ್ಯ ಊರಿಗೇ ಬಂದುಬಿಟ್ಟಿತು. 2008ರಲ್ಲಿ ವಾಕರ್ ಲೀಗಿನಿಂದ ಇಳಿಯಿತು. ಅದೇ ಜೂನ್‌ನಲ್ಲಿ ಟಿವೊಲಿಯಲ್ಲಿ ಯೂರೋ ಕಪ್ ಪಂದ್ಯಗಳು. ಆ ಕೂಟಕ್ಕಾಗಿ ಸ್ಟೇಡಿಯಂ ಅನ್ನು ಮೂವತ್ತು ಸಾವಿರ ಸೀಟಿಗೆ ಹಿಗ್ಗಿಸಿದ್ದರು. ಸ್ಪೇನ್‌ನ ಡೇವಿಡ್ ವಿಯಾ ರಷ್ಯಾ ವಿರುದ್ಧ ಮೂರು ಗೋಲು ಹೊಡೆದದ್ದು ಅಲ್ಲೇ. ಊರ ತಂಡಕ್ಕೆ ಎರಡನೇ ದರ್ಜೆ, ಊರ ಮೈದಾನಕ್ಕೆ ಯುರೋಪಿನ ಮೆರವಣಿಗೆ. 2010ರಲ್ಲಿ ವಾಪಸ್, 2014ರಲ್ಲಿ ಮತ್ತೆ ಕೆಳಗೆ, 2018ರಲ್ಲಿ ಮತ್ತೆ ಮೇಲೆ. 2019ರಲ್ಲಿ ಇಳಿದಾಗ ಎಷ್ಟೋ ಜನ ಇದನ್ನೂ ಅದೇ ಜೋಕಾಲಿಯ ಇನ್ನೊಂದು ಜೀಕು ಅಂದುಕೊಂಡರು.

ಆದರೆ ಈ ಸಲ ಕೆಳಗಿನ ಮನೆಯೇ ಬದಲಾಗಿತ್ತು. ದೊಡ್ಡ ಲೀಗನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ ಎರಡನೇ ದರ್ಜೆಯನ್ನೂ ಹತ್ತರಿಂದ ಹದಿನಾರಕ್ಕೆ ಏರಿಸಿದ್ದರು. ಪೂರ್ತಿ ವೃತ್ತಿಪರರ ಲೀಗ್ ಆಗಿದ್ದದ್ದು, ಬೆಳಗ್ಗೆ ಕೆಲಸ ಸಂಜೆ ಪ್ರಾಕ್ಟೀಸ್ ಅನ್ನೋ ಆಟಗಾರರಿಗೂ ಬಾಗಿಲು ತೆರೆಯಿತು. ದೇಶದ ಫುಟ್‌ಬಾಲ್‌ಗೆ ಅದು ಒಳ್ಳೆಯದೇ ಇರಬಹುದು. ಸಾವಿರದ ನಾನೂರು ಜನರ ಲಾಫ್‌ನಿಟ್ಸ್ ಹಳ್ಳಿಯ ತಂಡ ಅಲ್ಲಿ ಖುಷಿಯಾಗಿ ಆಡಿಕೊಂಡಿತ್ತು. ಅವರ ಖರ್ಚು ಅವರ ಹಳ್ಳಿಯ ಅಳತೆಯದ್ದು. ವಾಕರ್‌ಗೆ ಹಾಗಲ್ಲ. ಯೂರೋ ಮುಗಿದ ಮೇಲೆ ಕಿರಿದು ಮಾಡಿದರೂ ಟಿವೊಲಿ ಹದಿನಾರು ಸಾವಿರ ಸೀಟಿನದ್ದು. ಆಫೀಸು, ಸಿಬ್ಬಂದಿ, ಯುವ ತಂಡಗಳು ಇವೆ. ಮೇಲಿನ ಲೀಗಿನ ಟಿವಿ ಹಣ ನಿಂತುಹೋಯಿತು. ಸ್ಪಾನ್ಸರ್‌ಗಳಿಗೆ ಅದೇ ಸ್ಟೇಡಿಯಂನಲ್ಲಿ ಮೇಲಿನ ಲೀಗ್ ಆಡುವ ಇನ್ನೊಂದು ತಂಡ ಕಣ್ಣೆದುರೇ ಇತ್ತು. ಹಿಂದಿನ ಸಲಗಳಲ್ಲಿ ವಾಕರ್ ಇಳಿದಾಗ ಟಿರೋಲ್ ಪ್ರಾಂತದ ಆ ಜಾಗ ಖಾಲಿ ಇರುತ್ತಿತ್ತು, ಅದಕ್ಕಾಗಿ ಕಾಯುತ್ತಿತ್ತು. ಈ ಸಲ ಆ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಿದ್ದರು. 2019ರ ಹಿಂಬಡ್ತಿಯನ್ನು ಮಿಕ್ಕವುಗಳಿಂದ ಬೇರೆ ಮಾಡಿದ್ದು ಇದೇ ಅಂತ ನನ್ನ ಲೆಕ್ಕ.

ಮೂಗಿಗಿಂತ ಮೂಗುತಿ ಭಾರವಾದಾಗ ಕ್ಲಬ್‌ಗಳು ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ. ಹೊರಗಿನ ಹೂಡಿಕೆದಾರರನ್ನು ಹುಡುಕುವುದು. ವಾಕರ್ ಕೂಡ ಹುಡುಕಿತು. ಮತ್ತೆ ಮೇಲೆ ಹೋಗುವ ಮಾತು ಜೋರಾಗಿಯೇ ಕೇಳಿಬಂತು. ಜರ್ಮನಿಯಲ್ಲಿ ಹೆಸರು ಮಾಡಿದ್ದ ಡಾನಿಯೆಲ್ ಬಿಯರೋಫ್ಕಾ 2020ರಲ್ಲಿ ಕೋಚ್ ಆಗಿ ಬಂದರು. ಆದರೆ ಆಸ್ಟ್ರಿಯಾದಲ್ಲಿ ಮಾತಿಗೆ ಅಂಕವಿಲ್ಲ, ಕಾಗದಕ್ಕೆ ಮಾತ್ರ.

ಆ ಕಾಗದದ ಕೆಲಸ ಹೀಗೆ. ಪ್ರತಿ ವಸಂತದಲ್ಲೂ ಮೊದಲ ಎರಡು ದರ್ಜೆಯ ಕ್ಲಬ್‌ಗಳು ಮುಂದಿನ ವರ್ಷದ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಲೀಗಿನ ಸೆನೇಟ್ 5 ಅನ್ನೋ ಸಮಿತಿ ಅದನ್ನು ನೋಡುತ್ತದೆ. ಆಡಿಟ್ ಆದ ಲೆಕ್ಕಪತ್ರ, ಮುಂದಿನ ವರ್ಷದ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ ಪುರಾವೆ, ಸ್ಟೇಡಿಯಂನ ಸ್ಥಿತಿ, ಯುವ ತಂಡಗಳ ವ್ಯವಸ್ಥೆ. ಮೇಲಿನ ಲೀಗಿಗಾದರೆ ಹಿಮ ಕಟ್ಟದ ಹಾಗೆ ಹುಲ್ಲಿನ ಕೆಳಗೆ ಬಿಸಿ ಮಾಡುವ ಕೊಳವೆಗಳೂ ಬೇಕು. ಒಪ್ಪಿಗೆಯಾಗದಿದ್ದರೆ ಮೇಲ್ಮನವಿ, ಆಮೇಲೆ ಸ್ವತಂತ್ರ ಪಂಚಾಯ್ತಿ ಮಂಡಳಿ. ಮೈದಾನದಲ್ಲಿ ಏಪ್ರಿಲ್-ಮೇ ತಿಂಗಳ ಪಂದ್ಯಗಳು ನಡೆಯುತ್ತಿರುವಾಗಲೇ ಈ ಇನ್ನೊಂದು ಪಂದ್ಯವೂ ಬಾಗಿಲು ಮುಚ್ಚಿದ ಕೋಣೆಯಲ್ಲಿ ನಡೆಯುತ್ತಿರುತ್ತದೆ. 2022ರಲ್ಲಿ ಆ ಪಂದ್ಯವನ್ನು ವಾಕರ್ ಸೋತಿತು. ಬರಬೇಕಿದ್ದ ಹಣ ಬರಲಿಲ್ಲ, ಲೈಸೆನ್ಸ್ ಸಿಗಲಿಲ್ಲ, ಕ್ಲಬ್ ದಿವಾಳಿ ಪ್ರಕ್ರಿಯೆಗೆ ಹೋಯಿತು. 2022-23ರಲ್ಲಿ ಅದರ ಹೆಸರು ಕಾಣಿಸಿದ್ದು ಟಿರೋಲ್ ಲೀಗ್ ಪಟ್ಟಿಯಲ್ಲಿ, ನಾಲ್ಕನೇ ದರ್ಜೆ, ಕಣಿವೆಯ ಹಳ್ಳಿ ತಂಡಗಳ ನಡುವೆ.

ಇದು ವಾಕರ್ ಒಬ್ಬರ ಹಣೆಬರಹ ಅಂದುಕೊಳ್ಳಬೇಡಿ. ಆಸ್ಟ್ರಿಯಾದಲ್ಲಿ ಪಟ್ಟಿಯ ಕೊನೆಯ ಸಾಲು ಎಷ್ಟೋ ಸಲ ಕೊನೆಯ ಮಾತಲ್ಲ. ವಾಟನ್ಸ್‌ನವರನ್ನೇ ನೋಡಿ. ವಾಕರ್ ಜಾಗಕ್ಕೆ ಬಂದ ಮೊದಲ ವರ್ಷವೇ, 2019-20ರಲ್ಲಿ, ಅವರೂ ಕೊನೆಯ ಸ್ಥಾನ. ನ್ಯಾಯವಾಗಿ ಇಳಿಯಬೇಕಿತ್ತು. ಆದರೆ ಆ ಜುಲೈನಲ್ಲಿ ಬುರ್ಗನ್‌ಲ್ಯಾಂಡ್ ಪ್ರಾಂತದ ಮ್ಯಾಟರ್ಸ್‌ಬುರ್ಗ್ ಊರಿನ ಬ್ಯಾಂಕ್ ಮುಳುಗಿತು. ಅದರ ಮುಖ್ಯಸ್ಥರೇ ಊರಿನ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರೂ ಆಗಿದ್ದರು. ಬ್ಯಾಂಕ್ ಜೊತೆ ಕ್ಲಬ್ಬೂ ಮುಚ್ಚಿತು. ಲೀಗಿನಲ್ಲಿ ಒಂದು ಜಾಗ ಖಾಲಿಯಾಗಿ ವಾಟನ್ಸ್ ಉಳಿಯಿತು. ವಾಕರ್ ಕೊನೆಯ ಸ್ಥಾನಕ್ಕೆ ಬಂದ ವರ್ಷ ಯಾವ ಬ್ಯಾಂಕೂ ಮುಳುಗಲಿಲ್ಲ.

2021ರಲ್ಲಿ ಇನ್ನೊಂದು ರೀತಿ. ಎರಡನೇ ದರ್ಜೆ ಗೆದ್ದ ಬ್ಲೌ-ವೈಸ್ ಲಿಂಟ್ಸ್ ಮೇಲಿನ ಲೀಗಿಗೆ ಲೈಸೆನ್ಸ್‌ಗೇ ಅರ್ಜಿ ಹಾಕಿರಲಿಲ್ಲ. ಹಾಗಾಗಿ ಕೊನೆಯ ಸ್ಥಾನದ ಸಾಂಕ್ಟ್ ಪೋಲ್ಟನ್‌ಗೆ ಇನ್ನೊಂದು ಅವಕಾಶ ಸಿಕ್ಕಿತು, ಆಸ್ಟ್ರಿಯಾ ಕ್ಲಾಗನ್‌ಫುರ್ಟ್ ಜೊತೆ ಎರಡು ಪಂದ್ಯ. ಮೊದಲ ಪಂದ್ಯದಲ್ಲೇ 4-0 ಸೋತು ಕೈಚೆಲ್ಲಿ ಕೆಳಗೆ ಹೋದರು. ಅವಕಾಶ ಸಿಕ್ಕಿದವರೆಲ್ಲ ಅದನ್ನು ಹಿಡಿದುಕೊಳ್ಳುತ್ತಾರೆ ಅಂತೇನೂ ಇಲ್ಲ.

ವಾಕರ್ ಮತ್ತೆ ಮೇಲೆ ಬರುತ್ತಾ ಅಂತ ನೀವು ಕೇಳಿಲ್ಲ. ಆದರೂ ಆ ಪ್ರಶ್ನೆ ಮನಸ್ಸಲ್ಲಿ ಇದ್ದೇ ಇರುತ್ತದೆ ಅಲ್ವಾ? ಹೋಲಿಸಲು ಗ್ರಾಜ್ ನಗರದ ಜಿಎಕೆ ಇದೆ. 2004ರಲ್ಲಿ ಲೀಗ್, ಕಪ್ ಎರಡೂ ಗೆದ್ದ ಕ್ಲಬ್. 2007ರಲ್ಲಿ ಲೈಸೆನ್ಸ್ ಕಳೆದುಕೊಂಡು ಮೂರನೇ ದರ್ಜೆಗೆ ಬಿತ್ತು. ಅಲ್ಲೂ ನಿಲ್ಲಲಾಗದೆ 2012ರಲ್ಲಿ ಪೂರ್ತಿ ಮುಚ್ಚಿತು. ಅಭಿಮಾನಿಗಳೇ ಹೊಸದಾಗಿ ಕಟ್ಟಿ, 2013ರಲ್ಲಿ ತೀರಾ ತಳದ ಡಿವಿಷನ್‌ನಿಂದ ಹತ್ತಲು ಶುರು ಮಾಡಿದರು. ಬುಂಡೆಸ್‌ಲಿಗಾಕ್ಕೆ ವಾಪಸ್ ಬಂದದ್ದು 2024ರಲ್ಲಿ. ಒಟ್ಟು ಹದಿನೇಳು ವರ್ಷ. 2002ರ ಹಾಗೆ ಎರಡು ವರ್ಷದಲ್ಲಿ ಜಿಗಿಯುವ ದಾರಿ ವಾಕರ್‌ಗೆ ಈಗ ಇಲ್ಲ. ಅವತ್ತು ಕೈಹಿಡಿದ ವಾಟನ್ಸ್ ಇವತ್ತು ತನ್ನದೇ ಲೀಗ್ ಜಾಗ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದೆ.

ಖಾಲಿ ಸೀಟಿನ ವಿಷಯಕ್ಕೂ ಇದರಲ್ಲೇ ಉತ್ತರ ಇದೆ. ವಾಟನ್ಸ್ ಎಂಟು ಸಾವಿರ ಜನರ ಊರು. ಅಲ್ಲಿಂದ ಪ್ರತಿ ವಾರಾಂತ್ಯ ಎಷ್ಟು ಜನ ಬಂದಾರು? ಇನ್ಸ್‌ಬ್ರುಕ್‌ನವರಿಗೆ ಅದು ಪಕ್ಕದೂರ ತಂಡ. ಉತ್ತರದ ಗ್ಯಾಲರಿಯ ಹಳೆಯ ಅಭಿಮಾನಿ ಗುಂಪಿನ ಹೆಸರು ಫೆರ್ರ್ಯುಕ್ಟೆ ಕ್ಯೋಪ್ಫೆ. ಅಂದರೆ ಹೆಚ್ಚು ಕಡಿಮೆ ತಲೆಕೆಟ್ಟವರು. 1991ರಿಂದ ಇದ್ದಾರೆ. ಹೆಸರು ಬದಲಾವಣೆ, ದಿವಾಳಿ, ಮೂರನೇ ದರ್ಜೆ, ನಾಲ್ಕನೇ ದರ್ಜೆ ಎಲ್ಲ ಕಂಡವರು. ಪಟ್ಟಿಯಲ್ಲಿ ಮೇಲಿದೆ ಅನ್ನೋ ಕಾರಣಕ್ಕೆ ಅವರು ಬೇರೆ ಅಂಗಿ ಹಾಕಿಕೊಳ್ಳುವವರಲ್ಲ. ಕೆಲಸಕ್ಕೆ, ಓದಿಗೆ ಅಂತ ಬಂದ ನಿಮ್ಮಂಥವರು, ಪ್ರವಾಸಿಗರು, ಎದುರಾಳಿ ತಂಡದವರು ಸೇರಿ ತುಂಬಿದಷ್ಟೇ.

ಒಂದು ಸಲಹೆ ಕೊಡುತ್ತೇನೆ. ಸ್ಟಿಕ್ಕರ್ ಅಂಟಿಸುವ ಹುಡುಗರು ನಿಮ್ಮ ಕ್ಲಾಸಲ್ಲೇ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಹಿಡಿದು ವಾಕರ್‌ನ ಮುಂದಿನ ಪಂದ್ಯ ಎಲ್ಲಿ, ಎಷ್ಟು ಗಂಟೆಗೆ ಅಂತ ಕೇಳಿ. ಒಂದು ಶನಿವಾರ ಜೊತೆಗೆ ಹೋಗಿ ಬನ್ನಿ. 2019ರ ಬಗ್ಗೆ ನಾನು ಬರೆದದ್ದರಲ್ಲಿ ಯಾವುದನ್ನು ಅವರು ಒಪ್ಪಲಿಲ್ಲ ಅಂತ ನನಗೂ ಒಂದು ಸಾಲು ಬರೆಯಿರಿ. ಅರ್ಧ ಅಂಕದ ಮಾತಿಗೆ ಜಗಳ ಗ್ಯಾರಂಟಿ.